ಏಳನೇ ಮನೆಯ ಮುಯ್ಯಿ

೧೯೫೮ರ ಜೂನ್ ಹನ್ನೆರಡು, ಗುರುವಾರ. ಬೆಳಗಿನಿಂದ ಮೋಡ, ಧೂಳುಗಾಳಿ, ಮಳೆ ಬರಲಿಲ್ಲ. ಮೂರು ವರ್ಷ ಇಂಗ್ಲೆಂಡಿನಲ್ಲಿ ಗಣಿ ಸರ್ವೆ ಕಲಿತ ನನ್ನ ಗೆಳೆಯ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದದ್ದು ಆ ದಿನ. ಹಡಗು ಹತ್ತಿ ಬಂದವರ ಕಥೆಗಳು ನಮ್ಮ ಗಣಿ ಊರಿನಲ್ಲಿ ತಿಂಗಳಿಗೊಂದು ಹುಟ್ಟುತ್ತವೆ. ಕೇಳುತ್ತೇವೆ, ನಗುತ್ತೇವೆ, ಮರೆಯುತ್ತೇವೆ. ಇವನು ಬಾಲ್ಯದ ಗೆಳೆಯನಾದ್ದರಿಂದ ನನಗೆ ಮರೆಯಲಾಗಲಿಲ್ಲ. ಇವನು ಇನ್ನು ನಮ್ಮವನಾಗುವುದಿಲ್ಲ ಎಂಬ ತೀರ್ಮಾನಕ್ಕೆ ಮುಂದಿನ ಎರಡು ತಿಂಗಳಲ್ಲಿ ನಾನು ಐದು ಸಲ ಬಂದೆ.

೧

ಕರೆದೊಯ್ಯಲು ಹಳ್ಳಿಯಿಂದ ಎರಡು ಎತ್ತಿನಗಾಡಿ ಬಂದಿದ್ದವು. ಎಲ್ಲರ ಮುಂದೆ ಅವನ ತಂದೆ, ಹೊಸ ಪಂಚೆ ಉಟ್ಟು ನಿಂತಿದ್ದರು. ರೈಲು ಇಳಿದವನೇ ಇವನು ಕಾಲಿಗೆ ಬೀಳಲಿಲ್ಲ; ನೆಟ್ಟಗೆ ನಿಂತು, ತಂದೆಯ ಬಲಗೈ ಹಿಡಿದು ಕುಲುಕಿದ. ಆ ಮನುಷ್ಯನ ಕೈಯನ್ನು ಅದುವರೆಗೆ ಯಾರೂ ಕುಲುಕಿರಲಿಲ್ಲ. ಮಗನಿಗೆ ತಲೆ ಸುತ್ತು ಬಂದು ಆಸರೆ ಹಿಡಿಯುತ್ತಿದ್ದಾನೆ ಎಂದುಕೊಂಡು, ಎರಡೂ ತೋಳಿನಿಂದ ತಬ್ಬಿ ಎತ್ತಿ ಗಾಡಿಯಲ್ಲಿ ಮಲಗಿಸಿದರು. ಊರು ಮುಟ್ಟುವವರೆಗೆ ಏಳಲು ಬಿಡಲಿಲ್ಲ.

೨

ನಮ್ಮಿಬ್ಬರ ಕೆಲಸವೂ ಚಿನ್ನದ ಗಣಿಯ ಊರಿಗಾಂನಲ್ಲಿ. ಅವನು ಗಣಿಯ ಸರ್ವೇಯರ್, ನಾನು ಕಚೇರಿಯ ಗುಮಾಸ್ತ. ಒಂದು ಶನಿವಾರ ಅವನು ಹಳ್ಳಿಗೆ ಹೋಗಲು ಸ್ಟೇಷನ್ನಿಗೆ ಬಂದ. ಟಿಕೆಟ್ ಕಿಂಡಿಗೆ ಒಂದೇ ಸಲ ಎಂಟು ಕೈ ತೂರುವ ಜಾಗ ಅದು. ಇವನು ಯಾರನ್ನೂ ತಳ್ಳದೆ, ಗೋಡೆ ಪಕ್ಕ ನಿಂತಿದ್ದ ಒಬ್ಬನ ಹಿಂದೆ ಸಾಲು ಎಂದು ನಿಂತ. ಇಪ್ಪತ್ತು ನಿಮಿಷ ಕಳೆಯಿತು. ಮಾರಿಕುಪ್ಪಂನಿಂದ ರೈಲು ಬಂತು, ಹೋಯಿತು. ಆಗ ಮುಂದಿನವನು ತಿರುಗಿ, "ನಾನು ಬೀಡಿ ಸೇದೋಕೆ ನಿಂತಿದೀನಿ ಸಾರ್. ನೀವೂ ನೆರಳಿಗೆ ನಿಂತಿದೀರೇನೋ ಅಂದ್ಕೊಂಡೆ" ಎಂದ.

೩

ಊರಿಗಾಂನಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಎರಡೇ ಬಾಗಿಲು. ಒಂದು ಸೋಮವಾರ ಅಂಚೆಯವನು ಕಾರ್ಡು ತಂದ. ಭಾನುವಾರ ಸಂಜೆ ನಾಲ್ಕಕ್ಕೆ ನಾನು ಬಂದು ನಿಮ್ಮನ್ನು ನೋಡಲು ಅನುಕೂಲವೇ ಎಂದು ಗೆಳೆಯ ಬರೆದಿದ್ದ. ಭಾನುವಾರ ನಾಲ್ಕಕ್ಕೆ ನಾನು ಜಗಲಿಯ ಮೇಲೆ ಕೂತಿದ್ದೆ, ಅವನು ಅವನ ಜಗಲಿಯ ಮೇಲೆ ಕೂತಿದ್ದ. ಉತ್ತರ ಬಾರದ್ದರಿಂದ ಅವನು ಬರಲಿಲ್ಲ. ನನ್ನ ಹೆಂಡತಿ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿ, "ನಮ್ ಮೇಲೇನಾದ್ರೂ ಸಿಟ್ಟಾ ಅವರಿಗೆ?" ಎಂದು ಕೇಳಿದಳು.

೪

ಹಳ್ಳಿಯ ಮನೆಯಲ್ಲಿ ಅವನು ಎಲ್ಲದಕ್ಕೂ ಥ್ಯಾಂಕ್ಸ್ ಹೇಳುತ್ತಿದ್ದ. ನೀರು ಕೊಟ್ಟರೆ, ತಟ್ಟೆ ಎತ್ತಿದರೆ, ದೀಪ ಹತ್ತಿರ ಸರಿಸಿದರೆ. ಅವನ ತಾಯಿ ನನ್ನನ್ನು ಹಿತ್ತಲಿಗೆ ಕರೆದು ಕೇಳಿದರು.

"ಅದ್ಯಾಕಪ್ಪ ತುತ್ತುತುತ್ತಿಗೂ ಅಂಗಂತಾನೆ?"

"ಅದು ಮರ್ಯಾದೆ ಮಾತು ಅಮ್ಮ."

"ಮರ್ಯಾದೆ ಬೀಗರಿಗೆ ಕಣಪ್ಪ. ನಾನು ಎತ್ತ ತಾಯಿ."

ಹೊರಡುವಾಗ ಅವರು ಕೊಟ್ಟ ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು ಸುಮ್ಮನೆ ಬಂದೆ. ಅಷ್ಟಕ್ಕೇ ಅವರಿಗೆ ಬಹಳ ಸಂತೋಷವಾಯಿತು.

೫

ಜುಲೈ ಗಾಳಿಗೆ ಹಳ್ಳಿಯಲ್ಲಿ ಅವರ ಕೊಟ್ಟಿಗೆಯ ತೆಂಗಿನ ಗರಿ ಹಾರಿಹೋಯಿತು. ಆರು ಮನೆಯ ಗಂಡಸರು ಕರೆಯದೆಯೇ ಬಂದು ಮಧ್ಯಾಹ್ನದೊಳಗೆ ಹೊದಿಸಿದರು. ನಮ್ಮ ಕಡೆ ಇದಕ್ಕೆ ಕೂಲಿ ಇಲ್ಲ, ಮುಯ್ಯಿ ಉಂಟು: ಇಂದು ಅವರು ಬಂದರೆ ನಾಳೆ ಅವರ ಕೆಲಸಕ್ಕೆ ನಾವು ಹೋಗಬೇಕು. ಇವನು ಆರು ಜನರನ್ನೂ ಸಾಲಾಗಿ ನಿಲ್ಲಿಸಿ ತಲೆಗೊಂದು ರೂಪಾಯಿ ಕೊಟ್ಟ, ಥ್ಯಾಂಕ್ಸ್ ಹೇಳಿದ. ಅವರು ರೂಪಾಯಿಗಳನ್ನು ಜಗಲಿಯ ಮೇಲೆ ಒಂದರ ಮೇಲೊಂದು ಇಟ್ಟು ಹೋದರು.

"ನಮ್ಮೂರವರಿಗೆ ಎಷ್ಟು ಮರೆವು ನೋಡು" ಎಂದು ಇವನು ಸೋಮವಾರ ನನಗೆ ಹೇಳಿದ. "ಆರು ಜನರೂ ಬಿಟ್ಟು ಹೋಗಿದ್ದರು. ಮನೆಮನೆಗೆ ಹೋಗಿ ಮತ್ತೆ ಕೊಟ್ಟು ಬಂದೆ."

೬

ಶ್ರಾವಣದಲ್ಲಿ ಅವನ ತಂಗಿಯ ಮದುವೆ. ಹಿಂದಿನ ದಿನ ಹನ್ನೊಂದು ಗಂಟೆಗೆ ನಾನು ಹೋದಾಗ ಅಂಗಳದಲ್ಲಿ ಗಳಗಳು ಮಲಗಿದ್ದವು. ಚಪ್ಪರ ಹಾಕಲು ಒಬ್ಬರೂ ಬಂದಿರಲಿಲ್ಲ. ಗಂಡಿನ ಕಡೆಯವರು ಸಂಜೆ ರೈಲಿಗೆ ಬರುತ್ತಾರೆ. ಊರೇ ಜೊತೆಗಿಲ್ಲದ ಹೆಣ್ಣನ್ನು ಅವರು ತಂದುಕೊಳ್ಳುತ್ತಾರೋ ಇಲ್ಲವೋ ಎಂದು ಒಳಗೆ ಹೆಂಗಸರು ಪಿಸುಗುಡುತ್ತಿದ್ದರು. ಮದುವಣಗಿತ್ತಿ ಅರಿಶಿನದ ಕೈ ಮಡಿಲಲ್ಲಿಟ್ಟು ಬಾಗಿಲನ್ನೇ ನೋಡುತ್ತಿದ್ದಳು.

ಆಂಡರ್ಸನ್‌ಪೇಟೆಯಿಂದ ಕೂಲಿಯವರನ್ನೂ ಶಾಮಿಯಾನವನ್ನೂ ತರಿಸೋಣ ಎಂದ ಇವನು. ತಂದೆ ತಲೆ ಎತ್ತಲಿಲ್ಲ.

"ಬಾಡಿಗೆ ನೆರಳಾಗೆ ಧಾರೆ ಎರೆದ್ರೆ, ನಮ್ಮೂರಾಗೆ ಎಲ್ಲಾ ಸತ್ತೋದ್ರು ಅಂತ ಬೀಗರಿಗೆ ಏಳ್ಬೇಕಾಯ್ತದೆ. ನೀನು ವಾಪಸ್ ಬರ್ದೆ ಅಲ್ಲೇ ಇದ್ದಿದ್ರೆ, ನನ್ ಮಗ ಬತ್ತಾನೆ ಅಂತ ಕಾಯ್ಕಂಡಾದ್ರೂ ಇರ್ತಿದ್ದೆ."

ಇವನು ಬೂಟು ಕಳಚಿದ. ಪಕ್ಕದ ಮನೆಯ ಯಜಮಾನರ ಹತ್ತಿರ ಹೋದ; ಜೊತೆಗೆ ನಾನೂ ಹೋದೆ. ಅವರು ಹಗ್ಗ ಹೊಸೆಯುತ್ತಿದ್ದರು.

"ನಿನ್ ರೂಪಾಯಿಗೆ ನಮ್ ಕೆಲ್ಸ ತೀರೋಯ್ತಲ್ಲಪ್ಪ. ಬಾಕಿ ಏನಾದ್ರೂ ಐತಾ?"

ಇವನು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡ. ಆಮೇಲೆ, "ಬಾಕಿ ಇಟ್ಕೊಳ್ತೀನಿ ದೊಡ್ಡಪ್ಪ. ಬನ್ನಿ" ಎಂದ.

ಯಜಮಾನರು ಹಗ್ಗ ಕೆಳಗಿಟ್ಟು, ಗೋಡೆಯಲ್ಲಿದ್ದ ಮಚ್ಚು ತೆಗೆದುಕೊಂಡು, ಒಳಗಿದ್ದ ಮಗನನ್ನು ಕೂಗಿದರು. "ಗಾಡಿ ಕಟ್ಲಾ, ಹೊಂಗೆ ಸೊಪ್ಪು ತರಾನ."

ಸಂಜೆ ಗಂಡಿನವರು ಬರುವಷ್ಟರಲ್ಲಿ ಚಪ್ಪರ ಎದ್ದಿತ್ತು. ಆರು ಮನೆಯವರೂ ಬಂದಿದ್ದರು. ತೋರಣಕ್ಕೆ ಮಾವಿನ ಸೊಪ್ಪು ಏಳನೇ ಮನೆಯ ಒಂಟಿ ಮುದುಕಿಯ ಮರದ್ದು.

ಹದಿನೈದು ದಿನದ ಮೇಲೆ ಅವನು ರಜೆ ಮುಗಿಸಿ ಕೆಲಸಕ್ಕೆ ಬಂದ. ಪೆನ್ಸಿಲ್ ಹಿಡಿಯಲಾಗುತ್ತಿರಲಿಲ್ಲ; ಅಂಗೈ ತುಂಬ ಬೊಬ್ಬೆ. ಆರು ಮನೆಯ ರಾಗಿ ಹೊಲದಲ್ಲಿ ದಿನಕ್ಕೊಂದರಂತೆ ಕಳೆ ತೆಗೆದಿದ್ದ. ಏಳನೇ ಮನೆಗೇನು ಕೊಟ್ಟೆ ಎಂದು ಕೇಳಿದೆ.

"ಅಜ್ಜಿಗೆ ಹೊಲ ಇಲ್ಲ. ನಮ್ಮನೇಲಿ ಒಂದು ಮುದ್ದೆ ಉಣ್ಣು, ಆ ಮಾತು ಆಡ್ದೆ ಎದ್ದೋಗು, ಅದೇ ಮುಯ್ಯಿ ಅಂದಳು."

ಅಷ್ಟೇ ತಾನೇ ಎಂದೆ. ಮೊದಲ ದಿನ ಕೈ ತೊಳೆಯುವಾಗಲೇ ಥ್ಯಾಂಕ್ಸ್ ಬಾಯಿಗೆ ಬಂದುಬಿಟ್ಟಿತಂತೆ. ಇದು ಲೆಕ್ಕಕ್ಕಿಲ್ಲ, ನಾಳೆ ಬಾ ಎಂದಳಂತೆ ಮುದುಕಿ. ಎರಡನೇ ದಿನ ಹಲ್ಲು ಕಚ್ಚಿ ಬೀದಿ ತಿರುವಿನವರೆಗೆ ಬಂದು, ಸದ್ಯ ಗೆದ್ದೆ ಎಂಬ ಸಂತೋಷದಲ್ಲಿ ಹಿಂತಿರುಗಿ ಕೂಗಿ ಹೇಳಿದನಂತೆ. ಮೂರನೇ ದಿನ ಬಾಯಿ ಮುಚ್ಚಿಕೊಂಡೇ ಹೊರಟವನು ಹೊಸ್ತಿಲಲ್ಲಿ ಅವಳ ನಾಯಿಗೆ ಹೇಳಿದನಂತೆ.

"ನಾಲ್ಕನೇ ದಿನ ಇನ್ನೊಂದು ಸೌಟು ಸಾರು ಹಾಕು ಅಂದೆ. ಹಾಕಿದಳು. ಉಂಡು ಎದ್ದು ಬಂದೆ."

"ಹಾಗಾದರೆ ಮುಯ್ಯಿ ಒಟ್ಟು ಎಷ್ಟಾಯಿತು?"

"ಆರು ದಿನದ ಕಳೆ" ಎಂದ. "ನಾಲ್ಕು ಮುದ್ದೆ."