ಮನಸ್ಸು ಓದುವ ಸಿನಿಮಾ ನೋಡಿ ಬಂದ ಮೇಲೆ

ನಮ್ಮ ಮನೆಯಲ್ಲಿ ಮುಚ್ಚಿಡಬೇಕೆಂದುಕೊಂಡ ಮಾತೇ ಮೊದಲು ಹೊರಬೀಳುತ್ತದೆ. ಹೇಳಲೇಬೇಕಾದ ಮಾತು ವರ್ಷಗಟ್ಟಲೆ ಒಳಗೇ ಉಳಿಯುತ್ತದೆ. ಒಂದು ಸಲ ಆಗಿದ್ದರೆ ಮರೆಯಬಹುದಿತ್ತು, ಆಗುತ್ತಲೇ ಇರುತ್ತದೆ. ಎದೆಯ ಮೇಲಿದ್ದ ಭಾರವೊಂದು ಈಚೆಗೆ ಇಳಿದಿರುವುದರಿಂದ ಆ ದಿನಗಳ ಸಂಗತಿಗಳನ್ನು ಬರೆಯಲು ಧೈರ್ಯ ಮಾಡಿದ್ದೇನೆ. ಬರೆಯುವುದು ನನಗೆ ಹೊಸದು. ಆದರೆ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವುದು ಇದಕ್ಕಿಂತ ಕಷ್ಟ.

ಇಂಟರ್‌ವಲ್

ನನ್ನ ಮಗಳು ರಾಣೇಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ದಿನವೂ ಹಾವೇರಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಒಂದು ರವಿವಾರ, "ಯವ್ವಾ, ರಾಣೇಬೆನ್ನೂರಾಗ ಚಲೋ ಸಿನಿಮಾ ಬಂದೈತಿ, ನಡಿ" ಎಂದು ಹಟ ಹಿಡಿದು ಕರೆದೊಯ್ದಳು. ನನ್ನ ಯಜಮಾನರು ಅಂದು ಬೆಳಿಗ್ಗೆಯೇ, ಕರ್ಜಗಿಯಲ್ಲಿರುವ ತಮ್ಮ ಅಣ್ಣನಿಗಾಗಿ ಎತ್ತು ನೋಡಿಬರುತ್ತೇನೆಂದು ಮೋಟೆಬೆನ್ನೂರಿಗೆ ಹೊರಟುಹೋಗಿದ್ದರು.

ಸಿನಿಮಾದ ನಾಯಕನಿಗೆ ಹಲ್ಲು ಕೀಳಿಸಿಕೊಂಡ ದಿನದಿಂದ ಎದುರಿಗಿರುವವರ ಮನಸ್ಸಿನ ಮಾತು ಕೇಳಿಸತೊಡಗುತ್ತದೆ. ಅವನು ಹುಡುಗಿಯನ್ನು ಹೋಟೆಲಿಗೆ ಕರೆದೊಯ್ಯುತ್ತಾನೆ. ಅವಳ ಬಾಯಿ "ಬಹಳ ಸಂತೋಷವಾಯಿತು" ಅನ್ನುತ್ತದೆ. ಮನಸ್ಸು "ಇವನು ಯಾವಾಗ ಎದ್ದು ಹೋಗುತ್ತಾನೋ" ಅನ್ನುತ್ತದೆ. ಟಾಕೀಜಿನ ತುಂಬ ನಗು. ನನ್ನ ಮಗಳು ಮಾತ್ರ ತೆರೆಯನ್ನು ಬಿಟ್ಟು ಆಚೆಯ ಖುರ್ಚಿಯ ಕಡೆಗೇ ನೋಡುತ್ತಿದ್ದಳು.

ಇಂಟರ್‌ವಲ್ಲಿನಲ್ಲಿ ಆ ಖುರ್ಚಿಯಲ್ಲಿದ್ದ ಹುಡುಗ ಎದ್ದು ಹೋಗಿ ಮೂರು ಚಹಾ ತಂದ. ಒಂದನ್ನು ನನ್ನ ಕೈಗೆ ಕೊಟ್ಟು, "ತಗೋರಿ ಅತ್ತಿ" ಅಂದ. ಗುರುತಿಲ್ಲದ ಹುಡುಗರು ನನ್ನನ್ನು ಅಕ್ಕಾರ ಅನ್ನುತ್ತಾರೆ, ಚಿಗವ್ವ ಅನ್ನುತ್ತಾರೆ. ಅತ್ತಿ ಎಂದವರು ಈವರೆಗೆ ಯಾರೂ ಇಲ್ಲ. ನನ್ನ ಮಗಳು ತೆರೆಯ ಮೇಲಿನ ಸಾಬೂನಿನ ಜಾಹೀರಾತನ್ನು ಮೈಮರೆತು ನೋಡತೊಡಗಿದಳು.

ನನಗೆ ಹಲ್ಲು ಕೀಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ.

ತಿರುಗಿ ಬರುವ ಬಸ್ಸು

ಬಸ್ಸು ಊರು ದಾಟುವ ಮೊದಲೇ ಮಗಳು ಎಲ್ಲವನ್ನೂ ಒಪ್ಪಿಕೊಂಡಳು. ಹುಡುಗ ಬ್ಯಾಡಗಿಯವನು, ಮನೆತನದವರು ಮೆಣಸಿನಕಾಯಿ ವ್ಯಾಪಾರಸ್ಥರು. ತಾವಿಬ್ಬರೂ ಒಂದು ವರ್ಷದಿಂದ ಡೇಟಿಂಗ್ ಮಾಡುತ್ತಿದ್ದೇವೆ ಎಂದಳು.

"ಹಂಗಂದ್ರ ಏನ ಮಾಡ್ತೀರಿ?" ಎಂದು ಅಂಜುತ್ತಲೇ ಕೇಳಿದೆ.

"ಏನಿಲ್ಲಬೇ. ಚಹಾ ಕುಡೀತೇವಿ, ಮಾತಾಡ್ತೇವಿ."

"ಒಂದು ವರ್ಷ ಮಾತಾಡೀರಿ?"

"ಹೂಂ."

"ಮುಗದಿಲ್ಲ ಇನ್ನೂ?"

ಕಷ್ಟವಿದ್ದದ್ದು ಬೇರೆ ಕಡೆ. ಕರ್ಜಗಿಯ ಭಾವನವರು ನನ್ನ ಯಜಮಾನರನ್ನು ಸಾಕಿ ಬೆಳೆಸಿದವರು. ಅವರು ಹೂಂ ಅನ್ನದೆ ನಮ್ಮಲ್ಲಿ ಒಂದು ಲಗ್ನವೂ ಆಗಿಲ್ಲ. "ಲವ್ ಮಾಡಿದವರ ಮದುವಿಗೆ ನಾನು ಅಕ್ಕಿಕಾಳು ಹಾಕೂದಿಲ್ಲ" ಎಂದು ಅವರು ಹತ್ತು ಸಲ ಹೇಳಿದ್ದರು. ಆದುದರಿಂದ ಮಗಳು ಮತ್ತು ಹುಡುಗ ಸೇರಿ ಒಂದು ಉಪಾಯ ಹೂಡಿದ್ದರು: ಎರಡೂ ಮನೆಯವರಿಗೆ ತಿಳಿಯದಂತೆ ನೆಂಟರೊಬ್ಬರ ಬಾಯಿಂದ ಸಂಬಂಧ ಹೇಳಿಸುವುದು, ಗುರುತಿಲ್ಲದವರಂತೆ ಕನ್ಯಾ ನೋಡುವುದು.

"ನೀ ಸುಮ್ಮನಿದ್ದರ ಸಾಕಬೇ" ಎಂದಳು ಮಗಳು. ನನಗೆ ಬರುವುದು ಅದೊಂದೇ ವಿದ್ಯೆ ಎಂದು ಅವಳಿಗೂ ಗೊತ್ತಿತ್ತು.

ಯಜಮಾನರ ಮೌನ

ಯಜಮಾನರಿಗೆ ತಿಳಿಸದೆ ಇರಲು ನನ್ನ ಮನಸ್ಸು ಒಪ್ಪಲಿಲ್ಲ. ಇಪ್ಪತ್ತಾರು ವರ್ಷಗಳ ಸಂಸಾರದಲ್ಲಿ ನಾವು ಆಡಿದ ಮಾತು ಕಡಿಮೆ. ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯುತ್ತದೆ ಎಂಬ ನಂಬಿಕೆಯಲ್ಲೇ ಕಾಲ ಕಳೆದಿದ್ದೆವು. ಮೂರು ದಿನ ಒಲೆಯ ಮುಂದೆ ನಿಂತು, ರೊಟ್ಟಿ ಬಡಿಯುತ್ತ, ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ನಾಲ್ಕನೆಯ ದಿನ ಊಟಕ್ಕೆ ಕುಳಿತವರ ಮುಂದೆ ನಿಂತು, "ನಿಮಗೊಂದು ಮಾತು ಹೇಳಬೇಕಿತ್ರಿ" ಅಂದೆ.

"ಆ ಬ್ಯಾಡಗಿ ಹುಡುಗನ ಸುದ್ದಿ ಏನು?" ಎಂದರು, ರೊಟ್ಟಿ ಮುರಿಯುತ್ತ.

ನನ್ನ ಕೈಯಲ್ಲಿದ್ದ ಪಲ್ಯದ ಸೌಟು ಅಲ್ಲಿಯೇ ನಿಂತಿತು. "ನಿಮಗ ಹೆಂಗ ಗೊತ್ತಾತು?"

"ನಿಮ್ಮ ಹಿಂದಿನ ಸಾಲಿನಾಗ ಕುಂತಿದ್ನೆಲಾ. ಅವ ಚಹಾ ತರಾಕ ಬಂದಾಗ ಊರು ಯಾವುದಂತ ಕೇಳಿದ್ದೆ."

"ಎತ್ತು ನೋಡಾಕ ಹೋಗಿದ್ರಿ?"

"ಎತ್ತು ನೋಡೂದು ಲಗೂ ಮುಗೀತು. ತಿಂಗಳಿಗೊಂದು ಸಿನಿಮಾ ನೋಡ್ತೇನಿ ನಾನು."

ಸಿಟ್ಟು ಬರಬೇಕಾಗಿತ್ತು, ಬದಲಿಗೆ ನನಗೆ ಅಳು ಬಂದಂತಾಯಿತು. "ನನ್ನ ಯಾಕ ಒಂದಿನಾನೂ ಕರೀಲಿಲ್ಲ?" ಎಂದೆ.

"ನಿನಗ ಸಿನಿಮಾ ಸೇರೂದಿಲ್ಲ ಅಂತ ತಿಳ್ಕೊಂಡಿದ್ದೆ" ಎಂದರು.

ನಾನು ಇಪ್ಪತ್ತಾರು ವರ್ಷ ಅವರ ಬಗ್ಗೆ ತಿಳಿದುಕೊಂಡಿದ್ದದ್ದೂ ಅದೇ.

ಕನ್ಯಾ ನೋಡಿದ ದಿನ

ಉಪಾಯದಂತೆಯೇ ನೆಂಟರೊಬ್ಬರ ಬಾಯಿಂದ ಸಂಬಂಧ ಬಂತು, ಯಜಮಾನರೂ ಏನೂ ತಿಳಿಯದವರಂತೆ ಹೂಂ ಅಂದರು. ಬ್ಯಾಡಗಿಯಿಂದ ಹುಡುಗ, ಅವನ ತಂದೆ, ತಾಯಿ ಬಂದರು. ಕರ್ಜಗಿಯಿಂದ ಭಾವನವರು ಬಂದು ನಡುಮನೆಯಲ್ಲಿ ಗಾದಿಯ ಮೇಲೆ ಕುಳಿತರು. ಅವರೆದುರು ನಾನು ಎಂದೂ ಮಾತಾಡಿದವಳಲ್ಲ. ಬಾಗಿಲ ಮರೆಯಲ್ಲಿ ನಿಂತು, ಬಳೆ ಸದ್ದು ಮಾಡಿ, ಮಗಳಿಂದಲೋ ಯಜಮಾನರಿಂದಲೋ ಹೇಳಿಸುವುದು ರೂಢಿ.

ಬರುವವರು ಮೆಣಸಿನಕಾಯಿ ವ್ಯಾಪಾರಸ್ಥರೆಂದು, ಅವರ ಗೌರವಕ್ಕಾಗಿ ನಾನು ಉಪ್ಪಿಟ್ಟಿಗೆ ಕೆಂಪು ಖಾರ ಧಾರಾಳವಾಗಿ ಹಾಕಿದ್ದೆ. ಸರಕು ಅವರದೇ ಊರಿನದು. ಉಪ್ಪಿಟ್ಟು ಕುಂಕುಮದಂತೆ ಕೆಂಪಾಗಿತ್ತು. ಮಗಳು ತಲೆ ಬಗ್ಗಿಸಿ ಪ್ಲೇಟು ಹಂಚಿದಳು. ಹುಡುಗ ಬಹಳ ಗಂಭೀರವಾಗಿ, "ನಿಮ್ಮ ಹೆಸರೇನ್ರಿ?" ಎಂದ. ಅವಳೂ ಗಂಭೀರವಾಗಿ ಹೇಳಿದಳು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಆಗ ಹುಡುಗನ ತಾಯಿ ಮಗನ ಪ್ಲೇಟಿನ ಕಡೆ ನೋಡಿದರು. ಎಲ್ಲರದೂ ಕೆಂಪು ಉಪ್ಪಿಟ್ಟು, ಅವನದೊಂದೇ ಬಿಳಿ. ನನಗೂ ತಿಳಿಯದಂತೆ ಮಗಳು ಖಾರವಿಲ್ಲದೆ ಬೇರೆ ಮಾಡಿಟ್ಟಿದ್ದಳು.

"ನಮ್ಮ ಹುಡುಗಗ ಖಾರ ಆಗೂದಿಲ್ಲ ಅಂತ ನಿಮಗ ಯಾರು ಹೇಳಿದ್ರು?" ಎಂದರು ತಾಯಿ. "ಮೆಣಸಿನಕಾಯಿ ಮಾರವರ ಮಗಾ ಖಾರ ತಿನ್ನೂದಿಲ್ಲ ಅಂದ್ರ ಮಂದಿ ನಗ್ತಾರಂತ ನಾವು ಎಲ್ಲೂ ಬಾಯಿ ಬಿಟ್ಟಿಲ್ಲ. ಹಿಂದಕ ಎರಡು ಕಡೆ ಕನ್ಯಾ ನೋಡಾಕ ಹೋದಾಗ ಖಾರದ ಉಪ್ಪಿಟ್ಟು ತಿಂದು ಕಣ್ಣೀರು ಸುರಿಸಿದ. ಹುಡುಗಗ ಮನಸ್ಸಿಲ್ಲ, ಅಳಾಕತ್ತಾನ ಅಂತ ಹೆಣ್ಣಿನವರ ಬ್ಯಾಡ ಅಂದ್ರು."

ಮಗಳು ತಲೆಯನ್ನು ಇನ್ನಷ್ಟು ಬಗ್ಗಿಸಿದಳು. "ಮಾರಿ ನೋಡಿ ತಿಳೀತ್ರಿ" ಎಂದಳು.

ಭಾವನವರು ಚಮಚ ಕೆಳಗಿಟ್ಟರು. "ನೀ ತಲಿ ಬಗ್ಗಿಸ್ಕೊಂಡು ಬಂದಿ. ಮಾರಿ ಯಾವಾಗ ನೋಡಿದಿ? ಅದಕ್ಕೂ ಮೊದಲ ಉಪ್ಪಿಟ್ಟು ಯಾವಾಗ ಮಾಡಿದಿ?"

ಯಜಮಾನರು ತಿರುಗುವ ಫ್ಯಾನನ್ನು ನೋಡುತ್ತ ಕುಳಿತರು. ಹುಡುಗ ಖಾರವಿಲ್ಲದ ಉಪ್ಪಿಟ್ಟಿಗೇ ಕೆಮ್ಮತೊಡಗಿದ. ಇನ್ನು ಯಾರೂ ಮಾತಾಡುವವರಿಲ್ಲ ಎಂದು ಕಂಡಾಗ, ನನ್ನ ಕಾಲುಗಳು ತಾವಾಗಿಯೇ ಬಾಗಿಲು ದಾಟಿ ಬಂದವು.

"ಭಾವಾರ, ಇವರಿಬ್ಬರೂ ಒಂದು ವರ್ಷದಿಂದ ಬಲ್ಲವರ ಅದಾರ್ರಿ" ಎಂದೆ. "ಹುಡುಗ ಚಲೋ ಅದಾನ. ನೀವು ಬ್ಯಾಡ ಅನಬ್ಯಾಡ್ರಿ."

ಭಾವನವರು ನನ್ನ ಕಡೆ ತಿರುಗಿದರು. "ನಿನ್ನ ಧ್ವನಿ ಹಿಂಗೈತಿ ಅಂತ ಇವತ್ತ ಗೊತ್ತಾತು ನೋಡವಾ" ಎಂದರು. ಬಳಿಕ ಹುಡುಗನನ್ನು ನೋಡಿದರು, ಮಗಳನ್ನು ನೋಡಿದರು. "ಲವ್ ಅಂದ್ರ ಓಡಿ ಹೋಗೂದು. ಇವರು ಹಿರೇರ ಮುಂದ ಕುಂತು ಉಪ್ಪಿಟ್ಟು ತಿನ್ನಾಕತ್ತಾರ. ಇದು ಲವ್ ಹೆಂಗಾತು?"

ಯಜಮಾನರು ಫ್ಯಾನಿನಿಂದ ಕೆಳಗಿಳಿದರು. ಹುಡುಗನ ತಾಯಿ ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಹಣೆಗೆ ಕುಂಕುಮ ಹಚ್ಚಿದರು. ನನ್ನ ಎದೆಯ ಬಡಿತ ಎಷ್ಟೋ ತಿಂಗಳ ಮೇಲೆ ತನ್ನ ಜಾಗಕ್ಕೆ ಬಂದು ಕುಳಿತಿತು. ಅಷ್ಟರಲ್ಲಿ ಭಾವನವರು ತಮ್ಮ ಕೆಂಪು ಪ್ಲೇಟನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

"ಆ ಬಿಳೇ ಉಪ್ಪಿಟ್ಟು ಇನ್ನೂ ಉಳದೈತೇನು?" ಎಂದು ಸಣ್ಣ ದನಿಯಲ್ಲಿ ಕೇಳಿದರು. "ಅರವತ್ತು ವರ್ಷ ಆತು, ನನಗೂ ಖಾರ ಆಗೂದಿಲ್ಲ. ಯಾರೂ ಕೇಳಲಿಲ್ಲ."