ಮೇಷ್ಟ್ರ ಅರ್ಧ ಕೆನ್ನೆ

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಬೀದಿನಾಯಿಗಳು ಬಂದವರು ಯಾರೆಂದು ತಿಳಿಯದೆ ಬರೀ ಅಂದಾಜಿನ ಮೇಲೆ ಬೊಗಳುತ್ತಿದ್ದವು. ಆ ಮಂಜಿನಲ್ಲೇ ದಾರಿ ತಡವಿಕೊಂಡು ಬಂದ ಗಣಿತದ ಮೇಷ್ಟ್ರು ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತರು. ಎಡಗೆನ್ನೆ ನುಣ್ಣಗಾಯಿತು. ಬಲಗೆನ್ನೆಗೆ ಕತ್ತಿ ತಾಗಬೇಕು, ಅಷ್ಟರಲ್ಲಿ ಕ್ಷೌರಿಕನ ಕೈ ನಿಂತಿತು.

ಏನಾಯಿತೆಂದು ಹೇಳಲು ಅವನಿಗೂ ಬಾರದು. ಕನ್ನಡಿಯೊಳಗಿನ ಮಂಜು ಬೆಳಗಿತು. ಕತ್ತಿ, ಸೋಪಿನ ನೊರೆ, ಮೇಷ್ಟ್ರು, ತಾನು, ಎಲ್ಲವನ್ನೂ ಯಾರೋ ಒಂದೇ ಅಂಗೈಯಲ್ಲಿ ಎತ್ತಿ ಹಿಡಿದಂತಾಯಿತು. ಕಣ್ಣಿಂದ ನೀರಿಳಿಯಿತು.

"ಏನಾಯ್ತಯ್ಯಾ?" ಮೇಷ್ಟ್ರ ದನಿಯೂ ಯಾಕೋ ಸಣ್ಣಗಾಗಿತ್ತು.

"ದೇವರು ಇಲ್ಲೇ ಇದ್ದ, ಮೇಷ್ಟ್ರೇ," ಅಂದುಬಿಟ್ಟ.

ಮೇಷ್ಟ್ರು ಹೆಗಲ ಬಟ್ಟೆ ಕಿತ್ತೆಸೆದು ಎದ್ದರು. "ಗಂಟಲ ಹತ್ರ ಕತ್ತಿ ಹಿಡ್ಕೊಂಡು ದೇವರನ್ನ ನೋಡ್ತೀಯಾ? ತಲೆಸುತ್ತು ಅಂತ ಒಪ್ಕೋ! ಒಪ್ಪೋವರೆಗೂ ಈ ಕೆನ್ನೆ ಹೀಗೇ ಇರುತ್ತೆ!" ಅರ್ಧ ಕೊಯ್ದ ಹೊಲದಂಥ ಮುಖ ಹೊತ್ತು ಬೀದಿಗಿಳಿದರು. ಕೇಳಿದವರಿಗೆಲ್ಲ ಕೆನ್ನೆ ತೋರಿಸಿ, "ಇದು ಮೂಢನಂಬಿಕೆಯ ಫಲ" ಎಂದು ಪಾಠ ಹೇಳಿದರು.

ಸುದ್ದಿ ಕೇಳಿ ಅಂಗಡಿಯ ಒಡತಿ ಅಜ್ಜಿ ಓಡಿಬಂದಳು. ನಿನ್ನೆಯವರೆಗೆ "ಲೋ" ಎನ್ನುತ್ತಿದ್ದವಳು ಇಂದು, "ಸ್ವಾಮಿಗಳೇ, ಆ ಕೈಲಿ ಇನ್ನು ಗಡ್ಡ ಮುಟ್ಟಬೇಡಿ. ನನ್ನ ನೋಯೋ ಮಂಡಿ ಮುಟ್ಟಿ!" ಎಂದು ಕತ್ತಿಯನ್ನೇ ಸೆರಗಿಗೆ ಕಟ್ಟಿಕೊಂಡಳು.

ಗಿರಾಕಿಗಳಲ್ಲಿ ಅರ್ಧ ಜನ ಹುಚ್ಚನೆಂದು ಹೆದರಿದರು, ಇನ್ನರ್ಧ ಸಂತನೆಂದು ಹೆದರಿದರು. ಗಡ್ಡ ಮಾತ್ರ ಯಾರೂ ಒಡ್ಡಲಿಲ್ಲ.

ಮಧ್ಯಾಹ್ನ ಬುತ್ತಿ ತಂದ ಕ್ಷೌರಿಕನ ಹೆಂಡತಿ ಖಾಲಿ ಕುರ್ಚಿ ನೋಡಿದಳು. "ಬಂದ ದೇವರು ಕ್ಷೌರನಾದ್ರೂ ಮಾಡಿಸ್ಕೊಂಡು ಹೋದ್ನಾ?"

"ನಿಜವಾಗ್ಲೂ ಕಂಡೆ ಕಣೇ."

"ಕಂಡದ್ದನ್ನ ಹೊಟ್ಟೇಲಿ ಇಟ್ಕೋಬೇಕಿತ್ತು. ಸಂಜೆಯೊಳಗೆ ತಲೆಸುತ್ತು ಅಂದ್ಬಿಡಿ. ದೇವರೇನೂ ಬೇಜಾರು ಮಾಡ್ಕೊಳಲ್ಲ, ಸಂಸಾರದ ಕಷ್ಟ ಅವನಿಗೂ ಗೊತ್ತು."

ಕ್ಷೌರಿಕನ ಬಾಳಿನಲ್ಲಿ ಬೇರೆ ಯಾರ ಹಂಗೂ ಇಲ್ಲದೆ ಸಿಕ್ಕಿದ್ದು ಅದೊಂದೇ ಗಳಿಗೆ. ಬುತ್ತಿಯನ್ನು ಬಿಚ್ಚದೆ ಹಾಗೇ ಪಕ್ಕಕ್ಕಿಟ್ಟ.

ಮೇಷ್ಟ್ರು ಮಾತ್ರ ಹಲ್ಲುನೋವಿನವನ ನಾಲಗೆಯಂತೆ ಮತ್ತೆ ಮತ್ತೆ ಬಾಗಿಲಿಗೆ ಬಂದರು. "ಏನು ಕಂಡೆ? ಸರಿಯಾಗಿ ಹೇಳು. ತಲೆಸುತ್ತು ತಾನೇ?" ಸಂಜೆ ಜನರನ್ನೆಲ್ಲ ಕೂಡಿಸಿಕೊಂಡು ಬಂದಾಗ ಅವನು ಸೋತ.

"ಹೌದು ಮೇಷ್ಟ್ರೇ. ಹೊಟ್ಟೆ ಖಾಲಿ ಇತ್ತು. ತಲೆಸುತ್ತು."

"ಲೋ ಪಾಪಿ!" ಅಜ್ಜಿ ಚೀರಿದಳು. "ಮಂಡಿ ನೋವು ಬೆಳಿಗ್ಗೆಯಿಂದ ಇರಲಿಲ್ಲ. ಈಗ ನೋಡು, ಮತ್ತೆ ಹಿಡ್ಕೊಳ್ತು!" ಕತ್ತಿ ಬಿಸಾಕಿ ಕುಂಟುತ್ತ ಹೋದಳು. ನಕ್ಕು ನಕ್ಕು ಜನ ಚದುರಿದರು.

ಉಳಿದವರು ಮೇಷ್ಟ್ರೊಬ್ಬರೇ. ಗೆದ್ದವರ ಮುಖ ಹಾಗಿರುವುದಿಲ್ಲ. ಕುರ್ಚಿಯಲ್ಲಿ ಕುಸಿದು ಕಣ್ಣು ಮುಚ್ಚಿದರು.

"ಬೆಳಿಗ್ಗೆ ನಿನ್ನ ಕೈ ನಿಂತಾಗ ನನಗೂ ಏನೋ ಆಯ್ತು ಕಣಯ್ಯಾ. ಮನೆಯವಳು ತೀರಿಹೋದ ಮೇಲೆ ಮೊದಲ ಸಲ ಎದೆ ಹಗುರಾಯ್ತು. ನಂಬೋಕೆ ಭಯ. ಇಷ್ಟು ಕಾಡಿದ್ರೂ ಒಬ್ಬ ಮನುಷ್ಯ 'ಇಲ್ಲ, ನಿಜ' ಅಂತ ನಿಂತ್ರೆ, ನಾನೂ ನಂಬಿಬಿಡೋಣ ಅಂತಿದ್ದೆ." ಒಣ ನಗೆ ನಕ್ಕರು. "ಹೋಗ್ಲಿ ಬಿಡು. ನಾನೂ ಖಾಲಿ ಹೊಟ್ಟೇಲೇ ಬಂದಿದ್ದೆ."

ಕ್ಷೌರಿಕ ಕುರ್ಚಿಯ ಮುಂದೆ ಬಂದು ನಿಂತ. "ಮೇಷ್ಟ್ರೇ, ನಾನು ಸುಳ್ಳು ಹೇಳಿದೆ."

"ಯಾವಾಗ? ಬೆಳಿಗ್ಗೆನೋ, ಈಗ್ಲೋ?"

"ಈಗ. ದೇವರಾಣೆ, ಈಗ."

"ಅದನ್ನ ಹೇಳ್ತಿರೋ ಬಾಯೂ ಅದೇ ಅಲ್ವೇನಯ್ಯಾ," ಎಂದು ಮೇಷ್ಟ್ರು ಮೆಲ್ಲಗೆ ಮುಖ ತಿರುಗಿಸಿ ಬಲಗೆನ್ನೆ ಒಡ್ಡಿದರು.

ಅವನು ನೆಲದಿಂದ ಕತ್ತಿ ಎತ್ತಿ ತೊಳೆದ. ನೊರೆ ಹಚ್ಚಿ, ಎಲ್ಲೂ ಕೈ ನಿಲ್ಲಿಸದೆ, ಬಾಕಿ ಉಳಿದಿದ್ದ ಅರ್ಧ ಕ್ಷೌರವನ್ನು ಮುಗಿಸಿ ಕೊಟ್ಟ.