ಎಲುಬಿಗೆ ಮೈ ತುಂಬಿದ ಪೇಂಟರ್ ಚಾಚಾ

ನಮ್ಮ ಪೇಂಟರ್ ಚಾಚಾಗೆ ನಲವತ್ತು ದಾಟಿದ ಮೇಲೆ ಹುಡಗಿಯ ಹುಚ್ಚು ಹಿಡಿಯಿತು. ಗಾಬರಿಯಾಗಬೇಡಿ, ಹುಡಗಿ ಎಂಬುದು ಹುಮನಾಬಾದಿನ ಪಕ್ಕದ ಹಳ್ಳಿ; ಹುಚ್ಚು ಹಿಡಿಸಿದ್ದು ಅಲ್ಲಿನ ಎಮ್ಮೆಗಳು!

ನಾನು ಆಗಷ್ಟೇ ಮದುವೆಯಾಗಿ ಹುಮನಾಬಾದಿಗೆ ಬಂದಿದ್ದೆ. ಚಾಚಾ ನಮ್ಮ ಮಾವನವರ ಗೆಳೆಯರು, ಒಂಟಿ ಜೀವ, ಟಾಂಗಾಗಳ ಹಿಂದೆ ನವಿಲು, ಗುಲಾಬಿ ಬರೆದು ಬದುಕುತ್ತಿದ್ದವರು. ಕಲ್ಯಾಣಿಯಲ್ಲಿ (ಬಸವಕಲ್ಯಾಣವನ್ನು ಆಗ ಹಾಗೇ ಕರೆಯುತ್ತಿದ್ದರು) ಮುದಿ ಡಾಕ್ಟರೊಬ್ಬರು ತಮ್ಮ ಮನೆಯ ಹಜಾರವನ್ನೇ ಮ್ಯೂಸಿಯಂ ಮಾಡಲು ಹೊರಟಿದ್ದರು. ಅದರ ಗೋಡೆಯ ತುಂಬ ಮನುಷ್ಯ ಹುಟ್ಟುವ ಮೊದಲಿನ ಪ್ರಾಣಿಗಳನ್ನು ಬರೆಯುವ ಕೆಲಸ ಚಾಚಾಗೆ ಸಿಕ್ಕಿತು. ಡಾಕ್ಟರು ಕೊಟ್ಟ ಪುಸ್ತಕದಲ್ಲಿ ಇದ್ದದ್ದು ಬರೀ ಎಲುಬಿನ ಚಿತ್ರ. ಮಾಂಸ, ತೊಗಲು, ಬಣ್ಣ ಎಲ್ಲ ಚಾಚಾ ಪಾಲಿಗೆ. ತೊಡೆ ಹೊಟ್ಟೆಗೆ ಸೇರುವಲ್ಲಿ ತೊಗಲು ಹೇಗೆ ಸುಕ್ಕುಗಟ್ಟುತ್ತದೆ ಎಂದು ನೋಡಲು ದಿನಗಟ್ಟಲೆ ಹುಡಗಿಯ ಎಮ್ಮೆಯೊಂದರ ಹಿಂದೆ ಕೂತವರನ್ನು ಅದರ ಯಜಮಾನ ಕಳ್ಳನೆಂದು ಹಿಡಿದ. ಚಾಚಾ ತಮ್ಮ ಚಿತ್ರ ತೋರಿಸಿದರು. ಅವನು ಕಾಗದ ತಿರುಗಿಸಿ ತಿರುಗಿಸಿ ನೋಡಿ, ಮೂರು ಮಾರು ಕತ್ತಿನ ಈ ಎಮ್ಮೆ ಹೊತ್ತಿಗೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದನಂತೆ.

ಆಮೇಲೆ ನಡಿಗೆಯ ಪ್ರಶ್ನೆ. ಅಷ್ಟು ದೊಡ್ಡ ಪ್ರಾಣಿ ಮೊದಲು ಯಾವ ಕಾಲು ಎತ್ತುತ್ತದೆ? ಚಾಚಾ ಬಾವಿಯ ಹಗ್ಗವನ್ನೇ ಬಾಲವಾಗಿ ಕಟ್ಟಿಕೊಂಡು ನಮ್ಮ ಅಂಗಳದಲ್ಲಿ ಅಂಬೆಗಾಲಿಟ್ಟರು. ಹೊಸ ಸೊಸೆ ನಾನು, ನಗುವಂತಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಒಳಗೆ ಓಡಿದೆ. ಹಗ್ಗಕ್ಕಾಗಿ ಕೊಡ ಹಿಡಿದು ಕಾಯುತ್ತಿದ್ದ ಅತ್ತೆಯವರಿಗೆ ತಡೆಯಲಾಗಲಿಲ್ಲ.

"ಅವನ್ನ ಯಾರು ನೋಡ್ಯಾರ? ನೀ ಹ್ಯಾಂಗ ಬರದರೂ ನಡಿತದ."

ಚಾಚಾ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. "ಯಾರೂ ನೋಡಿಲ್ಲ ಆಪಾ. ತಪ್ಪು ಬರದರ ಹಿಡಿಯೋರು ಯಾರೂ ಇಲ್ಲ. ಅದಕ್ಕ ಅಂಜಾಕತ್ತೇನಿ."

ಅತ್ತೆಯವರು ಹಗ್ಗ ಕೇಳದೆ ಕೊಡ ಎತ್ತಿಕೊಂಡು ಹೊರಟರು. ಆ ದಿನ ನಮಗೆ ನೀರು ಪಕ್ಕದ ಮನೆಯಿಂದ ಬಂತು.

ಗೋಡೆ ಅರ್ಧ ಮುಗಿದಾಗ ಪೊಲೀಸ್ ಆಕ್ಷನ್ ಆಗಿ, ಅಂದರೆ ಭಾರತದ ಸೈನ್ಯ ಬಂದು, ನಿಜಾಮರ ಆಳ್ವಿಕೆ ಹೋಯಿತು. ಆಳಿದವರ ಮೇಲಿನ ಸಿಟ್ಟು ಬಡ ಮುಸಲ್ಮಾನರ ಮನೆಗಳ ಮೇಲೆ ತಿರುಗಿತು. ಮಾವನವರು ಚಾಚಾರನ್ನು ಕರೆತಂದು ನಮ್ಮ ಒಳಕೋಣೆಯಲ್ಲಿ ಇರಿಸಿದರು. ಒಂದು ಮಧ್ಯಾಹ್ನ, ಮಾವನವರು ಹೊರಗೆ ಹೋಗಿದ್ದಾಗ, ಬಡಿಗೆ ಹಿಡಿದವರು ಓಣಿಗೆ ಬಂದರು. ಅತ್ತೆಯವರು ಕುಂಕುಮದ ಭರಣಿಯನ್ನು ಚಾಚಾ ಮುಂದಿಟ್ಟು, ಮುಖದ ಮೇಲೆ ಸಿಡುಬು ಬರೆದುಕೊಂಡು ಮಲಗಲು ಹೇಳಿದರು. ಬೇರೆ ಯಾರಾದರೂ ನಾಲ್ಕು ಚುಕ್ಕೆ ಇಟ್ಟುಕೊಂಡು ಕೌದಿ ಎಳೆದುಕೊಳ್ಳುತ್ತಿದ್ದರು. ಚಾಚಾ ಕನ್ನಡಿ ಕೇಳಿದರು! ಗುಳ್ಳೆಯ ನೆತ್ತಿಗೆ ಬಿಳಿ ಬೇಕೆಂದು ಸುಣ್ಣ ಕೇಳಿದರು. ನೆರಳಿಗೆ ಒಲೆಯ ಮಸಿ ಕೇಳಿದರು. ಒಂದೊಂದನ್ನು ತಂದುಕೊಡುವಾಗ ನಾನು ಬಾಗಿಲ ಕಡೆ ನೋಡುತ್ತಿದ್ದೆ. ಅವರು ಕನ್ನಡಿ ಬಿಟ್ಟು ಕಣ್ಣೆತ್ತಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಅತ್ತೆಯವರು ತೆಗೆದು, ಹೊಸ್ತಿಲ ತುಂಬ ನಿಂತರು.

"ನನ್ನ ತಮ್ಮ ಮಲಗ್ಯಾನ. ಮೈತುಂಬ ಸಿಡುಬು ಎದ್ದಾವ. ನೋಡತೀರಿ ಅಂದ್ರ ಬರ್ರಿ."

ಒಬ್ಬ ಅವರ ಭುಜದ ಮೇಲಿಂದ ಇಣುಕಿದ. ಗದ್ದದವರೆಗೆ ಕೌದಿ ಹೊದ್ದ ಆ ಮುಖ ಕಂಡವನೇ ಹಿಂದಕ್ಕೆ ಸರಿದ. ಉಳಿದವರು ನೋಡುವ ಗೋಜಿಗೂ ಹೋಗಲಿಲ್ಲ.

ಮರುವರ್ಷ ಗೋಡೆ ಮುಗಿಯಿತು. ನಾವೆಲ್ಲ ನೋಡಲು ಕಲ್ಯಾಣಿಗೆ ಹೋದೆವು. ಒಂದು ಮೂಲೆಯಲ್ಲಿ ಕತ್ತಿಯಂಥ ಹಲ್ಲಿನ ಪ್ರಾಣಿ ಬಾಯಿ ತೆರೆದಿತ್ತು. ಅದಕ್ಕೆ ಎದುರಾಗಿ ಸೊಪ್ಪು ತಿನ್ನುವ ಗುಡ್ಡದಂಥ ಡೈನೊಸಾರ್ ಒಂದು ಅಡ್ಡ ನಿಂತಿತ್ತು. ಅದರ ಹಿಂದೆ ಸಣ್ಣ ಮರಿ. ಅತ್ತೆಯವರು ಆ ದೊಡ್ಡದರ ಮುಂದೆ ನಿಂತು, ಇದು ಯಾವುದು ಎಂದು ಕೇಳಿದರು. ಪುಸ್ತಕದಲ್ಲಿದ್ದ ಹೆಸರು ಹೇಳಲು ಬಾಯಿ ತೆರೆದ ಚಾಚಾ ಅದನ್ನು ಬಿಟ್ಟುಬಿಟ್ಟರು. ಆಮೇಲೆ ನೆಲ ನೋಡುತ್ತ ಹೇಳಿದರು:

"ನೀವ ಅದೀರಿ, ಆಪಾ. ಆವತ್ತ ಬಾಗಿಲಾಗ ನಿಂತಿದ್ರಲ್ಲ, ಹಾಂಗ."

ಅತ್ತೆಯವರು ಹತ್ತಿರ ಹೋಗಿ ಆ ಪ್ರಾಣಿಯನ್ನು ಬಾಲದಿಂದ ಕತ್ತಿನವರೆಗೆ ನೋಡಿದರು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು.

"ಹೊಟ್ಟಿ ಇಷ್ಟ ದೊಡ್ಡದು ಯಾಕ ಬರದಿ, ತಮ್ಮಾ?" ಎಂದರು.